ನಾಲ್ಕು ಮೀಟರ್

ಮೂವತ್ತೊಂದನೆಯ ಕಿಲೋಮೀಟರಿನ ಹಲಗೆ ಇರಬೇಕಾದ ಜಾಗದಲ್ಲೇ ಇತ್ತು. ಔಷಧದ ಅಂಗಡಿಯ ಮೆಟ್ಟಿಲು, ಪಕ್ಕದಲ್ಲಿ ಮುಚ್ಚಳ ಬಿರುಕು ಬಿಟ್ಟ ಚರಂಡಿ, ಅಲ್ಲಿಂದ ಎರಡು ಹೆಜ್ಜೆ ಮುಂದೆ ಹಲಗೆ. ಅದನ್ನು ಕಂಡು ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ಓಡಿದ ಮೇಲೂ ಹಲಗೆ ನೆಟ್ಟ ಜಾಗ ಸರಿಯೋ ತಪ್ಪೋ ಎಂದು ನೋಡುವ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು. ಬೇರೆಯವರು ಓಡುವಾಗ ಹಾಡು ಕೇಳುತ್ತಾರೆ, ಸತ್ತವರ ಮುಖ ನೆನಪಿಸಿಕೊಳ್ಳುತ್ತಾರೆ. ಅವಳು ಚರಂಡಿಯ ಮುಚ್ಚಳ ನೋಡುತ್ತಾಳೆ. ನಲವತ್ತೆರಡು ಕಿಲೋಮೀಟರ್ ನೂರ ತೊಂಬತ್ತೈದು ಮೀಟರ್ ಉದ್ದದ ಈ ದಾರಿಯನ್ನು ನಾಲ್ಕು ತಿಂಗಳ ಹಿಂದೆ ಅಳೆದುಕೊಟ್ಟವಳು ಅವಳೇ. ರಸ್ತೆ ಇಲಾಖೆಯಲ್ಲಿ ಸರ್ವೆ ಕೆಲಸ. ರಜೆಯ ದಿನಗಳಲ್ಲಿ ಊರಿನ ಓಟದ ಸಂಘಕ್ಕೆ ದಾರಿ ಅಳೆಯುವುದು ಪುಕ್ಕಟೆ ಕೆಲಸ. ಮುಂದಿನ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿದ ಸೈಕಲ್ಲಿನಲ್ಲಿ, ತಿರುವುಗಳಲ್ಲಿ ರಸ್ತೆಯಂಚಿಗೆ ಒಂದಡಿ ಬಿಟ್ಟು, ಎರಡು ಸಲ ಅಳೆದಿದ್ದಳು. ದಾರಿ ಯಾವ ಕಾರಣಕ್ಕೂ ಕಡಿಮೆ ಬೀಳಬಾರದೆಂದು ನಿಯಮದಂತೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿದ್ದಳು. ಅಂದರೆ ನಲವತ್ತೆರಡು ಮೀಟರ್. ಇವತ್ತು ಆ ನಲವತ್ತೆರಡು ಮೀಟರನ್ನೂ ತನ್ನ ಕಾಲಿನಲ್ಲೇ ತೀರಿಸಬೇಕು.

ಹಿಂದೆ ಸಂಘದ ವ್ಯಾನು ನಡಿಗೆಯ ವೇಗದಲ್ಲಿ ಬರುತ್ತಿತ್ತು. ಕೈಲಾಗದವರನ್ನು ಹತ್ತಿಸಿಕೊಳ್ಳುವ ವ್ಯಾನು. ಅದರ ಡ್ರೈವರು ಕಿಟಕಿಯಾಚೆ ಮೊಣಕೈ ಇಟ್ಟುಕೊಂಡು ಬೆಳಗಿನಿಂದ ಮೂರನೆಯ ಸಲ ಹೇಳಿದ, "ಅಮ್ಮಾ, ಹಿಂದಿನ ಸೀಟು ಖಾಲಿ ಇದೆ. ಫ್ಯಾನೂ ಇದೆ."

"ಬೇಡ."

"ಬೇಡ ಅಂದ್ರೆ ಬೇಡ. ನನಗೇನು, ಡೀಸೆಲ್ಲು ಸಂಘದ್ದು."

ಅವನದು ಕೆಟ್ಟ ಮನಸ್ಸಲ್ಲ. ಹದಿನೆಂಟನೆಯ ಕಿಲೋಮೀಟರಿನಲ್ಲಿ ಅವಳು ಮೂತ್ರ ತಡೆಯಲಾರದೆ, ರಸ್ತೆಬದಿ ನಿಂತಿದ್ದ ಲಾರಿಯೊಂದರ ಮರೆಗೆ ಹೋದಾಗ ವ್ಯಾನು ನಿಲ್ಲಿಸಿ, ಎದುರು ದಿಕ್ಕಿಗೆ ಮುಖ ಮಾಡಿ, ಅವಳು ಹೊರಡುವವರೆಗೆ ಕತ್ತು ತಿರುಗಿಸದೆ ಕೂತಿದ್ದ. ಅವನು ನೋಡಿದ್ದರೆ ಬೈದುಬಿಡಬಹುದಿತ್ತು. ಆ ಮರ್ಯಾದೆಯನ್ನು ಮಾತ್ರ ಏನು ಮಾಡಬೇಕೆಂದು ತಿಳಿಯದೆ ಹೊತ್ತುಕೊಂಡು ಓಡಬೇಕಾಯಿತು. ನೀರಿನ ಮೇಜುಗಳಲ್ಲಿ ಲೋಟಗಳನ್ನು ಆಗಲೇ ಒಂದರೊಳಗೊಂದು ಸೇರಿಸಿ ಕಟ್ಟುತ್ತಿದ್ದರು. ಇವಳನ್ನು ಕಂಡು ಮತ್ತೆ ಒಂದನ್ನು ಬಿಡಿಸಿ ತುಂಬಿಸಿ ಕೊಟ್ಟು, ಮೊದಲ ದಿನ ಶಾಲೆಗೆ ಬಂದ ಮಗುವಿಗೆ ತಟ್ಟುವಂತೆ ಚಪ್ಪಾಳೆ ತಟ್ಟಿದರು. ನಲವತ್ಮೂರು ವರ್ಷದ ಹೆಂಗಸಿಗೆ 'ಭೇಷ್' ಎಂದರು. ಅವಳು ನಕ್ಕಳು. ನಗದಿದ್ದರೆ ಅಹಂಕಾರ ಎನ್ನುತ್ತಾರೆ.

ಬನಿಯನ್ನಿನ ಎಡಗಂಕುಳ ಹೊಲಿಗೆ ಇಪ್ಪತ್ತನೆಯ ಕಿಲೋಮೀಟರಿನಿಂದ ಚರ್ಮ ತರಚುತ್ತಿತ್ತು. ಅದು ಅಣ್ಣನ ಹೊಲಿಗೆ. ಅಪ್ಪನ ದರ್ಜಿ ಅಂಗಡಿ ಈಗ ಅವನದು. ಬೆನ್ನ ಮೇಲೆ ನೀಲಿ ದಾರದಲ್ಲಿ 'ಅಪ್ಪನ ನೆನಪಿಗೆ' ಎಂದು ತಾನೇ ಕೂತು ಹೊಲಿದಿದ್ದ. ಅಕ್ಷರ ಚೆಂದವಾಗಿತ್ತು, ಬನಿಯನ್ನು ಮಾತ್ರ ಎದೆಗೆ ಬಿಗಿ, ಸೊಂಟಕ್ಕೆ ಸಡಿಲ. ಅಳತೆ ತೆಗೆದುಕೊಳ್ಳಲು ಬಾರೋ ಎಂದರೆ ಬಂದಿರಲಿಲ್ಲ. "ನಿನ್ನ ಮೈಗೆ ಟೇಪ್ ಹಿಡಿಯೋಕೆ ನನಗೆ ಭಯ ಕಣೇ. ಅರ್ಧ ಇಂಚು ತಪ್ಪಿದ್ರೆ ನನ್ನನ್ನೂ ಎಲ್ಲಿಗಾದ್ರೂ ಕಳಿಸಿಬಿಡ್ತೀಯ," ಎಂದು ಕಣ್ಣಂದಾಜಿನಲ್ಲೇ ಕತ್ತರಿಸಿದ್ದ. ಹನ್ನೊಂದು ತಿಂಗಳಿಂದ ಅವನ ಎಲ್ಲ ಮಾತೂ ಹೀಗೆಯೇ. ಊಟಕ್ಕೆ ಕೂತಾಗ ಉಪ್ಪು ಕೊಡು ಎಂದರೆ, "ನಾಲ್ಕು ಮೀಟರ್ ದೂರ ಏನಿಲ್ವಲ್ಲ, ನೀನೇ ತಗೋ." ಅಮ್ಮ ತಟ್ಟೆಯಿಂದ ತಲೆ ಎತ್ತದೆ, "ಇಬ್ಬರೂ ಬಾಯಿಗೆ ಅನ್ನ ಇಟ್ಕೊಳ್ಳಿ, ಮಾತು ಬೇಡ," ಎನ್ನುತ್ತಿದ್ದಳು. ಅಮ್ಮ ಯಾರ ಕಡೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೋದ ತಿಂಗಳು ಅವಳು ಅಪ್ಪನ ಹೆಸರಿನಲ್ಲಿ ಈ ಓಟ ಓಡುತ್ತೇನೆಂದಾಗ ಅಣ್ಣ ಕತ್ತರಿ ಕೆಳಗಿಟ್ಟು ಅವಳ ಕಾಲುಗಳನ್ನು, ಬೂಟುಗಳನ್ನು, ಆಮೇಲೆ ಮುಖವನ್ನು ನೋಡಿದ.

"ಆರು ಗಂಟೆಯೊಳಗೆ ಮುಗಿಸಿದ್ರೆ ತಾನೆ ಸರ್ಟಿಫಿಕೇಟು?"

"ಹೂಂ. ಆರು ಗಂಟೆಗೆ ಮುಚ್ತಾರೆ."

"ಸರಿ. ಒಳಗೆ ಮುಗಿಸು. ಅದನ್ನ ಅಂಗಡಿಯಲ್ಲಿ ಅಪ್ಪನ ಫೋಟೋ ಪಕ್ಕ ನಾನೇ ಮೊಳೆ ಹೊಡೆದು ಹಾಕ್ತೀನಿ. ಅವತ್ತಿಂದ ಆ ವಿಷಯ ನನ್ನ ಬಾಯಲ್ಲಿ ಬರಲ್ಲ."

"ಮುಗಿಸದಿದ್ರೆ?"

"ಮುಗಿಸದಿದ್ರೆ ಏನು, ಈಗಿನ ಹಾಗೇ."

ಈಗಿನ ಹಾಗೇ ಎಂದರೆ ಇನ್ನೂ ಇಪ್ಪತ್ತು ಮೂವತ್ತು ವರ್ಷ. ಅಣ್ಣನ ಆರೋಗ್ಯ ಚೆನ್ನಾಗಿತ್ತು.

ಅಪ್ಪ ಇದ್ದ ಆಸ್ಪತ್ರೆಯ ಆ ಕಾರಿಡಾರು ಹಸಿರು ಬಣ್ಣದ್ದು, ಸೊಂಟದೆತ್ತರದವರೆಗೆ ಮಾತ್ರ ಹಸಿರು, ಮೇಲೆ ಸುಣ್ಣ. ಹೃದಯದ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಆರು ನಿಮಿಷ ನಡೆಸಿ ನೋಡುತ್ತಾರೆ. ಮೂವತ್ತು ಮೀಟರ್ ಅಂತರದಲ್ಲಿ ಪ್ಲಾಸ್ಟಿಕ್ಕಿನ ಎರಡು ಕೋನು ಇಟ್ಟು ಒಂದರಿಂದ ಇನ್ನೊಂದಕ್ಕೆ ಹೋಗುವುದು, ಬರುವುದು. ಮುನ್ನೂರು ಮೀಟರ್ ದಾಟಿದರೆ ಮೈ ತಡೆಯುತ್ತದೆ, ಕುಯ್ಯಬಹುದು. ದಾಟದಿದ್ದರೆ ಮೂರು ವಾರ ಮದ್ದು ಕೊಟ್ಟು ಮತ್ತೆ ನಡೆಸಬೇಕು ಎಂದು ಸರ್ಜನ್ ಹೇಳಿದ್ದರು. ಅಪ್ಪ ಬೆಳಗ್ಗೆಯೇ ಗಡ್ಡ ಹೆರೆಸಿಕೊಂಡು, ಆಸ್ಪತ್ರೆಯ ಅಂಗಿಯ ಕಾಲರನ್ನು ಎರಡು ಸಲ ಮಡಚಿ ಸರಿಮಾಡಿಕೊಂಡು, "ಇದನ್ನ ಹೊಲಿದವನು ಕುಡಿದಿದ್ದ," ಎಂದು ನರ್ಸಿಗೆ ಹೇಳಿ ನಗಿಸಿ ನಡೆಯಲು ಹೊರಟ. ಹತ್ತು ಸಲ ಕಾರಿಡಾರು ದಾಟಿ ಇನ್ನೂ ಆರು ಮೀಟರ್ ಹೋಗುವಷ್ಟರಲ್ಲಿ ಸಮಯ ಮುಗಿಯಿತು. ಮುನ್ನೂರಾರು. ಅಣ್ಣ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡ. ಅಪ್ಪ ಕುರ್ಚಿಯಲ್ಲಿ ಕೂತು ಏದುಸಿರಿನ ನಡುವೆ ಎರಡು ಬೆರಳೆತ್ತಿ ತೋರಿಸಿದ, ಓಟಕ್ಕೆ ನಿಂತು ಗೆದ್ದವನ ಹಾಗೆ. ಅವಳು ಮಾತ್ರ ಆ ಕಡೆಯ ಕೋನನ್ನು ನೋಡುತ್ತಿದ್ದಳು. ಅಲ್ಲಿ ಬಟ್ಟೆ ಗಂಟುಗಳ ತಳ್ಳುಗಾಡಿ ನಿಂತಿತ್ತು. ನೆಲದ ಮೇಲೆ ಅಂಟಿಸಿದ ಹಳದಿ ಪಟ್ಟಿ ಗಾಡಿಯ ಚಕ್ರದ ಕೆಳಗಿತ್ತು. ಕೋನು ಪಟ್ಟಿಯ ಮೇಲಿರಲಿಲ್ಲ, ಗಾಡಿಯ ಈಚೆಗಿತ್ತು. ಯಾರೋ ಗಾಡಿ ನಿಲ್ಲಿಸಲು ಸರಿಸಿದ್ದರು, ಅಷ್ಟೇ. ನೋಡಿದವಳಿಗೆ ನೋಡಿದ್ದಾಗಿತ್ತು. ಕೈಚೀಲದಲ್ಲಿ ಟೇಪಿತ್ತು, ಯಾವಾಗಲೂ ಇರುತ್ತಿತ್ತು. ನರ್ಸು ಒಂದು ತುದಿ ಹಿಡಿದಳು. ಇಪ್ಪತ್ತೊಂಬತ್ತು. ಹತ್ತು ಇಪ್ಪತ್ತೊಂಬತ್ತಲೆ ಇನ್ನೂರ ತೊಂಬತ್ತು, ಮೇಲೆ ಆರು. ಇನ್ನೂರ ತೊಂಬತ್ತಾರು. ಸರ್ಜನ್ ಕಾಗದದ ಮೇಲಿನ ಅಂಕಿ ಹೊಡೆದು ಹಾಕಿ ಹೊಸದನ್ನು ಬರೆದು, "ಒಳ್ಳೇ ಮಗಳು ಸಿಕ್ಕಿದ್ದಾಳೆ ನಿಮಗೆ," ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಈಗಲೂ ತಿಳಿಯದು. ಮೂರು ವಾರ ಎಂದು ಬರೆದರು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಮಂಚದ ಕಂಬಿ ಹಿಡಿದು ನಡೆಯುವ ಅಭ್ಯಾಸ ಮುಗಿಸಿ ಬಂದು ಕೂತವನು ಹಾಗೆಯೇ ಹೋದ.

"ಡಾಕ್ಟರಿಗೆ ಒಂದು ನಂಬರ್ ಬೇಕಿತ್ತು, ನಮಗೆ ಅಪ್ಪ ಬೇಕಿತ್ತು," ಎಂದಿದ್ದ ಅಣ್ಣ. ಆಪರೇಷನ್ ಆಗಿದ್ದರೆ ಉಳಿಯುತ್ತಿದ್ದರೇ ಎಂದು ಅವಳು ಆಮೇಲೆ ಸರ್ಜನ್ ಬಳಿ ಹೋಗಿ ಕೇಳಿದ್ದಳು. ಉಳಿಯಬಹುದಿತ್ತು, ಟೇಬಲ್ಲಿನ ಮೇಲೆಯೇ ಹೋಗಲೂಬಹುದಿತ್ತು ಎಂದರು. ನೂರಕ್ಕೆ ಎಷ್ಟು ಎಂದು ಕೇಳಿದಳು. ಅವರು ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದರು.

"ಮೇಡಂ, ನೀವು ಓಡುವಾಗ ಲೆಕ್ಕ ಹಾಕ್ತೀರಾ? ತುಟಿ ಆಡ್ತಾ ಇದೆ," ಎಂದು ಪಕ್ಕದಲ್ಲಿ ದನಿ ಕೇಳಿತು. ಬೇಕರಿಯವರು. ಅರವತ್ತರ ದಪ್ಪ ಮನುಷ್ಯ. ಇಪ್ಪತ್ತೈದನೆಯ ಕಿಲೋಮೀಟರಿನಿಂದ ಒಮ್ಮೆ ಅವಳಿಗಿಂತ ಹತ್ತು ಗಜ ಮುಂದೆ, ಒಮ್ಮೆ ಹತ್ತು ಗಜ ಹಿಂದೆ ಓಡುತ್ತಿದ್ದರು. ನಾಲ್ಕು ವರ್ಷದಿಂದ ಪ್ರತಿ ಸಲ ಇದೇ ಓಟಕ್ಕೆ ಬಂದು ಪ್ರತಿ ಸಲ ವ್ಯಾನು ಹತ್ತಿದವರು. ಅದನ್ನು ಅವರೇ ಹೇಳಿಕೊಂಡಿದ್ದರು.

"ಕಿಲೋಮೀಟರಿಗೆ ಒಂಬತ್ತು ನಿಮಿಷ ಹತ್ತು ಸೆಕೆಂಡಲ್ಲಿ ಹೋಗ್ತಿದ್ದೀವಿ," ಎಂದಳು. "ಹೀಗೇ ಹೋದ್ರೆ ಅರ್ಧ ನಿಮಿಷ ಉಳಿಯುತ್ತೆ."

"ಅರ್ಧ ನಿಮಿಷ ಉಳಿಯುತ್ತಾ? ನಾನು ಸಾಯೋದೊಂದು ಬಾಕಿ ಅಂದ್ಕೊಂಡಿದ್ದೆ. ನಿಮ್ಮ ಬಾಯಿಗೆ ಸಕ್ಕರೆ ಹಾಕ. ಹೀಗೇ ಹೋಗೋಣ, ಒಂದು ಸೆಕೆಂಡೂ ಹೆಚ್ಚು ಬೇಡ, ಕಡಿಮೆ ಬೇಡ."

ಮುಂದಿನ ಏಳು ಕಿಲೋಮೀಟರ್ ಇಬ್ಬರೂ ಹೀಗೇ ಹೋದರು. ಮಾತಿಗೆ ಉಸಿರು ಸಾಲದೆ ಅವರು ಹಿಟ್ಟು ನಾದುವವರಂತೆ ಮುಷ್ಟಿ ಮಾತ್ರ ಆಡಿಸುತ್ತಿದ್ದರು. ಮೊಣಕಾಲಿನ ನೋವು ಈಗ ನೋವಾಗಿರಲಿಲ್ಲ. ಹಳೆಯ ಬಾಡಿಗೆದಾರನ ಹಾಗೆ ಒಳಗೆ ಕೂತು ಆಗಾಗ ಬಾಗಿಲು ಬಡಿಯುತ್ತಿತ್ತು. ಮದ್ದು ಶುರುವಾದ ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಅವಳಿಗೆ ಯಾವಾಗಲೂ ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ, ಮೈ ದಣಿದು ಮನಸ್ಸಿನ ಕಾವಲುಗಾರ ತೂಕಡಿಸುವಾಗ. ಅಣ್ಣ ಕಾಫಿ ತರಲು ಕೆಳಗೆ ಹೋಗಿದ್ದ. ಅಪ್ಪ ಕಿಟಕಿಯ ಕಡೆ ನೋಡುತ್ತ, ತಾನೇ ಇಟ್ಟ ಅಡ್ಡಹೆಸರಿನಿಂದ ಕರೆದು ಕೇಳಿದ, "ಇಂಚಮ್ಮ, ಆ ಕೋನು ಸರಿದಿದ್ದನ್ನ ನೋಡಿದೆ, ಸರಿ. ನೋಡದ ಹಾಗೆ ಇರೋಕೆ ಆಗ್ತಿರಲಿಲ್ವೇನೇ?" ದರ್ಜಿಯ ಮನುಷ್ಯ. ಯಾವ ಬಟ್ಟೆ ಹೊಲಿದರೂ ಒಳಗೆ ಒಂದಿಂಚು ಹೆಚ್ಚಿಗೆ ಮಡಚಿಟ್ಟು, ನಾಳೆ ದಪ್ಪ ಆದರೆ ಬಿಚ್ಚಿಕೊಳ್ಳಲಿ ಎನ್ನುವವನು. ಗಿರಾಕಿಯ ಹೊಟ್ಟೆಯ ಸುತ್ತಳತೆಯನ್ನು ಗಿರಾಕಿಗೆ ಎರಡಿಂಚು ಕಡಿಮೆ ಮಾಡಿ ಹೇಳಿ, ಪುಸ್ತಕದಲ್ಲಿ ನಿಜ ಬರೆಯುವವನು. ಅವನಿಗೆ ಅಂಥದ್ದೇ ಒಂದು ಉತ್ತರ ಬೇಕಿತ್ತೇನೋ. ಅವಳು, "ಆಗ್ತಿರಲಿಲ್ಲಪ್ಪ," ಎಂದಳು. ಅವನು, "ಹೂಂ," ಎಂದ. ಆಮೇಲೆ ನೀರು ಕೇಳಿದ. ಅಷ್ಟೇ. ಆ 'ಹೂಂ' ಒಪ್ಪಿಗೆಯದೋ, ಬೇಸರದ್ದೋ, ಮಗಳು ಹೀಗೇ ಎಂದು ಮೊದಲೇ ಗೊತ್ತಿದ್ದವನದೋ. ಅಣ್ಣ ಬೈದರೆ ಎದುರು ಮಾತಾಡಬಹುದು. ಆ 'ಹೂಂ'ಗೆ ಎದುರು ಮಾತಿಲ್ಲ.

ಸೇತುವೆ ಬಂತು. ಇದು ಕೊನೆಯ ಹೋಗಿ ಬರುವ ದಾರಿ: ಸೇತುವೆ ದಾಟಿ ಅರ್ಧ ಕಿಲೋಮೀಟರಿನೊಳಗೆ ಒಂದು ಕೋನು, ಅದನ್ನು ಸುತ್ತಿ ಬಂದ ದಾರಿಯಲ್ಲೇ ವಾಪಸು, ಅಲ್ಲಿಂದ ಕೊನೆಯ ಗೆರೆಗೆ ನಾಲ್ಕು ಕಿಲೋಮೀಟರಿಗೆ ತುಸು ಹೆಚ್ಚು. ಎದುರಿನಿಂದ ಯಾರೂ ಬರುತ್ತಿರಲಿಲ್ಲ; ಎಲ್ಲರೂ ತಿರುಗಿ ಹೋಗಿ ಬಹಳ ಹೊತ್ತಾಗಿತ್ತು. ಕೋನಿನ ಪಕ್ಕ ಮಡಚುವ ಕುರ್ಚಿಯಲ್ಲಿ ಪಿ.ಟಿ. ಟೀಚರ್ ಕೂತಿದ್ದರು, ಕೊರಳಲ್ಲಿ ಸೀಟಿ, ತೊಡೆಯ ಮೇಲೆ ನಂಬರು ಬರೆದುಕೊಳ್ಳುವ ಹಲಗೆ. ಅವಳು ದೂರದಿಂದಲೇ ಟೀಚರನ್ನು ನೋಡಿದಳು, ಕೋನನ್ನು ನೋಡಿದಳು. ಆಮೇಲೆ ಮರದ ಮಿಲ್ಲಿನ ಗೇಟನ್ನು ನೋಡಿದಳು. ನಾಲ್ಕು ತಿಂಗಳ ಹಿಂದೆ ರಸ್ತೆಗೆ ಮೊಳೆ ಹೊಡೆದು ಬಿಳಿ ಬಣ್ಣ ಬಳಿದದ್ದು ಆ ಗೇಟಿನ ಎಡಗಂಬದ ನೇರಕ್ಕೆ. ಈಗ ರಸ್ತೆಗೆ ಹೊಸ ಡಾಂಬರು. ಮೊಳೆ ಅದರ ಅಡಿಯಲ್ಲೆಲ್ಲೋ ಇದೆ. ಗೇಟು ಮಾತ್ರ ಅಲ್ಲೇ ಇದೆ. ಗೇಟು ಕೋನಿನ ನೇರಕ್ಕಿಲ್ಲ. ಒಂದು ದೀಪದ ಕಂಬದಷ್ಟು ಮುಂದಿದೆ.

ಕಂಬದಿಂದ ಕಂಬಕ್ಕೆ ನಲವತ್ತು ಮೀಟರ್. ಹೋಗಲು ನಲವತ್ತು, ಬರಲು ನಲವತ್ತು. ಎಂಬತ್ತು ಮೀಟರ್ ಕಡಿಮೆ. ಹೆಚ್ಚಿಗೆ ಸೇರಿಸಿದ್ದ ನಲವತ್ತೆರಡನ್ನು ಕಳೆದರೂ ಮೂವತ್ತೆಂಟು ಮೀಟರ್ ಕಡಿಮೆ. ಬೆಳಗಿನಿಂದ ಇಲ್ಲಿ ತಿರುಗಿದ ನೂರ ನಲವತ್ತು ಜನರಲ್ಲಿ ಒಬ್ಬರೂ ಪೂರ್ತಿ ದೂರ ಓಡಿಲ್ಲ. ಗಡಿಯಾರ ನೋಡಿದಳು: ಐದು ಗಂಟೆ ಇಪ್ಪತ್ತೊಂದು ನಿಮಿಷ ಐವತ್ತು ಸೆಕೆಂಡ್. ಇಲ್ಲೇ ತಿರುಗಿದರೆ ಮೂವತ್ತೇಳು ಸೆಕೆಂಡ್ ಉಳಿಯುತ್ತದೆ. ಗೇಟಿನವರೆಗೆ ಹೋಗಿ ಬರಲು ನಲವತ್ನಾಲ್ಕು ಸೆಕೆಂಡ್ ಬೇಕು. ಲೆಕ್ಕ ತಾನಾಗಿ ಬಂತು, ಕರೆಯದೆ ಬರುವ ನೆಂಟನ ಹಾಗೆ, ಹೋಗು ಎಂದರೆ ಹೋಗಲಿಲ್ಲ. ಏಳು ಸೆಕೆಂಡಿಗೆ ಅಣ್ಣನ ಬಾಯಿ ಜನ್ಮವಿಡೀ ತೆರೆದಿರುತ್ತದೆ. ಕಾಲು ಕೋನಿನ ಕಡೆಗೇ ವಾಲಿತು, ನಾಚಿಕೆಯಿಲ್ಲದೆ. ನೋಡದ ಹಾಗೆ ಇರೋಕೆ ಆಗಲ್ವೇನೇ.

ಬೇಕರಿಯವರು ಕೋನು ಸುತ್ತಿ ತಿರುಗಿದರು. ಅವಳು ತಿರುಗಲಿಲ್ಲ.

"ರೀ, ಇಲ್ಲೇ, ಇಲ್ಲೇ ತಿರುಗಬೇಕು," ಟೀಚರ್ ಎದ್ದು ನಿಂತರು. "ನಂಬರ್ ಬರ್ಕೊಂಡೆ. ತಿರುಗಿ."

"ಈಗ ಬರ್ಕೋಬೇಡಿ ಟೀಚರ್. ವಾಪಸ್ ಬರ್ತೀನಲ್ಲ, ಆಗ ಬರ್ಕೊಳ್ಳಿ. ಕೋನು ಒಂದು ಕಂಬ ಹಿಂದಿದೆ."

"ಹಿಂದೆ ಎಲ್ರೀ ಇದೆ? ನಕ್ಷೆ ನೋಡ್ಕೊಂಡೇ ಇಟ್ಟಿದ್ದೀನಿ. ಸೇತುವೆ ದಾಟಿ ಹನ್ನೊಂದನೇ ಕಂಬ. ಮೂರು ಸಲ ಎಣಿಸಿದ್ದೀನಿ, ಬೇಕಾದ್ರೆ ನೀವೂ ಎಣಿಸಿ."

"ಮೇಡಂ," ಬೇಕರಿಯವರು ಹಿಂದಕ್ಕೆ ಓಡುತ್ತಲೇ ಕತ್ತು ತಿರುಗಿಸಿ ಕೂಗಿದರು, "ಎಲ್ಲಿಗೆ ಹೋಗ್ತೀರಿ, ಆ ಕಡೆ ಏನೂ ಇಲ್ಲ. ಟೈಮ್ ಹೋಗುತ್ತೆ, ಬನ್ನಿ."

ವ್ಯಾನು ಕೋನಿನ ಬಳಿ ನಿಂತು ಒಂದು ಸಲ ಹಾರ್ನ್ ಹಾಕಿತು. "ಅಮ್ಮಾ, ವ್ಯಾನು ಇಲ್ಲಿಂದ ಮುಂದೆ ಬರಲ್ಲ."

ಬೇಡ, ಬರಬೇಡ. ಬೆಳಗಿನಿಂದ ಮೊದಲ ಸಲ ಬೆನ್ನ ಹಿಂದೆ ಇಂಜಿನ್ನಿನ ಸದ್ದಿರಲಿಲ್ಲ. ಆ ನಲವತ್ತು ಮೀಟರ್ ರಸ್ತೆ ಯಾರ ಓಟದ್ದೂ ಆಗಿರಲಿಲ್ಲ; ಹಗ್ಗವಿಲ್ಲ, ಹಲಗೆಯಿಲ್ಲ, ಚಪ್ಪಾಳೆಯಿಲ್ಲ. ಮರದ ಪುಡಿಯ ವಾಸನೆ. ಹಲಗೆಗಳನ್ನು ಲಾರಿಗೆ ಏರಿಸುತ್ತಿದ್ದ ಇಬ್ಬರು ಆಳುಗಳು ಕೆಲಸ ನಿಲ್ಲಿಸಿ, ಎದೆಗೆ ನಂಬರು ಕಟ್ಟಿಕೊಂಡು ಒಬ್ಬಳೇ ಎತ್ತಲೋ ಓಡುತ್ತಿರುವ ಹೆಂಗಸನ್ನು ನೋಡಿದರು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿದ, ಇನ್ನೊಬ್ಬ ನಕ್ಕ. ನಗಲಿ. ನೋಡದ ಹಾಗೆ ಇರಲು ಅವತ್ತೂ ಆಗುತ್ತಿರಲಿಲ್ಲ, ಇವತ್ತೂ ಆಗುವುದಿಲ್ಲ, ಮೈ ಇಷ್ಟು ಸೋತು ಕಣ್ಣು ಮಾತ್ರ ಸೋಲದಿದ್ದರೆ ತಪ್ಪು ಯಾರದು. ಅಪ್ಪನ ಎದೆಯ ಬಲ ಇನ್ನೂರ ತೊಂಬತ್ತಾರು ಮೀಟರಿನದಾಗಿತ್ತು. ಮುನ್ನೂರಾರು ಎಂದು ಬರೆದಿದ್ದರೆ ಅದು ಮುನ್ನೂರಾರು ಆಗುತ್ತಿರಲಿಲ್ಲ. ಬೇರೆ ಯಾರದೋ ಎದೆಯನ್ನು ಕುಯ್ಯಲು ಅವನನ್ನು ಮಲಗಿಸಿದ ಹಾಗಾಗುತ್ತಿತ್ತು. ಇದನ್ನು ಹನ್ನೊಂದು ತಿಂಗಳಿಂದ ಊಟದ ತಟ್ಟೆಯ ಮುಂದೆ ಹೇಳಲು ಆಗಿರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಅದು ಕ್ಷಮೆ ಕೇಳಿದಂತೆ ಕೇಳುತ್ತಿತ್ತು. ಗೇಟಿನ ಎಡಗಂಬದ ನೇರಕ್ಕೆ ಬಂದು, ಹೊಸ ಡಾಂಬರನ್ನು ಬಲಗಾಲಿನಿಂದ ಒಮ್ಮೆ ಬಲವಾಗಿ ತುಳಿದು ತಿರುಗಿದಳು.

ತಿರುಗಿದ ಮೇಲೆ ಕಂಬಗಳನ್ನು ಎಣಿಸಿದಳು. ಟೀಚರ್ ಎಲ್ಲಿ ತಪ್ಪಿದರೆಂದು ತಿಳಿಯಬೇಕಿತ್ತು. ಗೇಟಿನ ಮುಂದಿನದು ಹನ್ನೊಂದು, ಕೋನಿನದು ಹತ್ತು, ಒಂಬತ್ತು, ಎಂಟು. ಟೀಚರ್ ಹಲಗೆಯಲ್ಲಿ ನಂಬರು ಬರೆದುಕೊಂಡರು, ಮುಖ ಎತ್ತಲಿಲ್ಲ. ಎರಡು, ಒಂದು. ಸೇತುವೆಯ ಗೋಡೆ ಮುಗಿಯುವಲ್ಲಿ ಇನ್ನೂ ಒಂದು ಕಂಬ ಇತ್ತು. ಆ ಕಂಬವನ್ನು ಅವಳು ಸೊನ್ನೆ ಎಂದುಕೊಂಡಿದ್ದಳು. ಅವಳ ಕಸುಬಿನಲ್ಲಿ ಎಲ್ಲವೂ ಸೊನ್ನೆಯಿಂದ ಶುರು: ರಸ್ತೆ, ಕಾಲುವೆ, ಪೈಪು, ಎಲ್ಲಿ ನಿಂತು ಅಳೆಯಲು ತೊಡಗುತ್ತೀರೋ ಅದು ಸೊನ್ನೆ. ಇಪ್ಪತ್ತು ವರ್ಷದಲ್ಲಿ ಅದು ಅವಳಿಗೆ ಉಸಿರಾಟವಾಗಿತ್ತು. ಸೊನ್ನೆಯಿಂದ ಹನ್ನೊಂದು ಎಣಿಸಿ, 'ಹನ್ನೊಂದನೆಯ ಕಂಬ' ಎಂದು ತನ್ನ ಕೈಯಾರೆ ನಕ್ಷೆಯ ಮೇಲೆ ಬರೆದು, ಸಹಿ ಹಾಕಿ ಕೊಟ್ಟಿದ್ದಳು. ಟೀಚರ್ ಮನುಷ್ಯರು ಎಣಿಸುವ ಹಾಗೆ ಒಂದರಿಂದ ಎಣಿಸಿದ್ದರು. ಮೂರು ಸಲ.

ಕಾಲು ತಡವರಿಸಿತು. ಯಾರಿಗೂ ತಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಹೋದರೆ ನೂರ ನಲವತ್ತು ಜನ ಪದಕ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಬಾಯಿ ಬಿಟ್ಟು ಇಷ್ಟೇ ಹೇಳಿದರೆ, ಕೋನು ತಪ್ಪಾಗಿತ್ತು ಎಂದಷ್ಟೇ ಹೇಳಿದರೆ, ಮಾತು ಟೀಚರಿಗೆ ಬರುತ್ತದೆ. ಮೂರನೆಯ ದಾರಿ ತನ್ನ ತಪ್ಪನ್ನೂ ಒಪ್ಪಿಕೊಳ್ಳುವುದು; ಅದರಲ್ಲಿ ಅಣ್ಣನಿಗೆ ಉಪ್ಪಿನ ಜೊತೆ ಉಪ್ಪಿನಕಾಯಿಯೂ ಸಿಗುತ್ತದೆ: ಇಂಚಮ್ಮನ ಟೇಪು ತಪ್ಪಿತಂತೆ. ಆಸ್ಪತ್ರೆಯಲ್ಲಿ ಗಾಡಿ ತಳ್ಳಿದವನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತು. ಅವನ ಮುಖ ನೋಡಿರಲಿಲ್ಲ. ಈಗ ಆ ಮುಖ ಯಾರದಾಗಿರಬಹುದೆಂದು ಸ್ವಲ್ಪ ಗೊತ್ತಾಯಿತು. ತಪ್ಪು ಯಾರದಾದರೂ ಅಳತೆ ಬದಲಾಗುವುದಿಲ್ಲ ಎಂದುಕೊಂಡಳು, ಹಲ್ಲು ಕಚ್ಚಿ. ನನ್ನದಾದರೂ.

ನಾಲ್ಕು ಕಿಲೋಮೀಟರನ್ನು ಅವಳು ಆಮೇಲೆ ನೆನಪಿಸಿಕೊಳ್ಳಲಾರಳು. ಬೇಕರಿಯವರ ಹಸಿರು ಟೋಪಿ ಮುಂದೆ ಚಿಕ್ಕದಾಗಿ ಕಂಡಿತು, ದೊಡ್ಡದಾಯಿತು, ಮತ್ತೆ ಚಿಕ್ಕದಾಯಿತು. ಕಂಕುಳಲ್ಲಿ ರಕ್ತ ಬಂದಿತ್ತು. ಕೊನೆಯ ತಿರುವಿನಲ್ಲಿ ದೊಡ್ಡ ಗಡಿಯಾರ ಕಂಡಾಗ ಅದು ಐದು ಐವತ್ತೊಂಬತ್ತು ಮೂವತ್ತೆಂಟು ತೋರಿಸುತ್ತಿತ್ತು. ಆ ತಿರುವಿನಿಂದ ಗೆರೆಗೆ ನೂರು ಮೀಟರ್ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಇಪ್ಪತ್ತೆರಡು ಸೆಕೆಂಡಿನಲ್ಲಿ ಅದನ್ನು ಓಡುವುದು ಈ ಕಾಲುಗಳಿಂದಾಗದು ಎಂದೂ. ಆದರೂ ಓಡಿದಳು. ಬೇಕರಿಯವರನ್ನು ಜನ ಆಗಲೇ ತಬ್ಬಿಕೊಂಡಿದ್ದರು. ಅವಳು ಗೆರೆ ದಾಟಿದಾಗ ಆರು ಗಂಟೆ ಹನ್ನೊಂದು ಸೆಕೆಂಡ್.

ಸಂಘದ ಕಾರ್ಯದರ್ಶಿ ಬಂದು ಅವಳ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಹನ್ನೊಂದೇ ಸೆಕೆಂಡ್. ನನ್ನ ಕೈಲಿದ್ದಿದ್ರೆ ಗಡಿಯಾರ ಒದ್ದು ನಿಲ್ಲಿಸ್ತಿದ್ದೆ ಕಣಮ್ಮ. ಏನ್ಮಾಡೋದು, ನಿಯಮ." ಅವರ ಹಿಂದೆ ಅಣ್ಣ ನಿಂತಿದ್ದ. ಕೈಯಲ್ಲಿ ನೀರಿನ ಬಾಟಲಿ ಇತ್ತು, ಚಾಚಿರಲಿಲ್ಲ.

"ದಾರಿ ಕಡಿಮೆ ಇತ್ತು," ಎಂದಳು. ಗಂಟಲು ಒಣಗಿ ಮಾತು ಗರಗಸದ ಹಾಗೆ ಬಂತು. "ಸೇತುವೆ ಆಚೆಯ ಕೋನು ಒಂದು ಕಂಬ ಹಿಂದಿತ್ತು, ನಾನು ಮುಂದಿನ ಕಂಬಕ್ಕೆ ಹೋಗಿ ತಿರುಗಿದೆ. ಮೂವತ್ತೆಂಟು ಮೀಟರ್ ಕಡಿಮೆ. ಇವತ್ತಿನ ಟೈಮುಗಳು ದಾಖಲೆಗೆ ಹೋಗೋ ಹಾಗಿಲ್ಲ."

ಸುತ್ತಲಿದ್ದ ಒಂದೆರಡು ತಲೆ ತಿರುಗಿದವು. ಕಾರ್ಯದರ್ಶಿ ದನಿ ತಗ್ಗಿಸಿದರು. "ಮೂವತ್ತೆಂಟು ಮೀಟರಾ? ನಲವತ್ತೆರಡು ಕಿಲೋಮೀಟರಲ್ಲಿ? ಬಿಡಮ್ಮ, ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗಿದೆ."

"ಆ ಟೀಚರಿಗೆ ಬುದ್ಧಿ ಬೇಡ್ವಾ, ಎಣಿಸೋಕೆ ಬರಲ್ವಾ…"

"ಅವರು ಎಣಿಸಿದ್ದು ಸರಿ. ನಾನು ಬರೆದದ್ದು ತಪ್ಪು. ಸೊನ್ನೆಯಿಂದ ಎಣಿಸಿ ಬರೆದಿದ್ದೆ. ಅದನ್ನೂ ಹಾಗೇ ಬರ್ಕೊಳ್ಳಿ."

ಪದಕ ಹಾಕಿಕೊಂಡಿದ್ದ ತೆಳ್ಳನೆಯ ಮನುಷ್ಯನೊಬ್ಬ ಮುಂದೆ ಬಂದ. "ರೀ, ನಾನು ಜೀವಮಾನದಲ್ಲಿ ಮೊದಲ ಸಲ ನಾಲ್ಕು ಗಂಟೆಯೊಳಗೆ ಬಂದಿದ್ದೀನಿ. ಮೂರು ಐವತ್ತೊಂಬತ್ತು ನಲವತ್ತಾರು. ಏನು ಹೇಳ್ತಿದ್ದೀರಿ ನೀವು?"

ಅವಳು ಕಣ್ಣು ಮುಚ್ಚಿ ತೆರೆದಳು. "ಮೂವತ್ತೆಂಟು ಮೀಟರಿಗೆ ನಿಮಗೆ ಹದಿಮೂರು ಸೆಕೆಂಡ್. ಸೇರಿಸಿದ್ರೂ ಒಂದು ಸೆಕೆಂಡ್ ಒಳಗೇ ಬರ್ತೀರಿ. ಆದ್ರೆ ಲೆಕ್ಕಕ್ಕೆ ಬರಲ್ಲ."

"ನನ್ನ ಪದಕ ಕೇಳಬೇಡಿ ಮೇಡಂ," ಬೇಕರಿಯವರು ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ದೂರದಿಂದಲೇ ಹೇಳಿದರು. "ನಾಲ್ಕು ವರ್ಷ ವ್ಯಾನಲ್ಲಿ ಬಂದಿದ್ದೀನಿ. ಇದನ್ನ ಹಾಕ್ಕೊಂಡೇ ಸ್ನಾನ ಮಾಡ್ತೀನಿ." ಒಂದಿಬ್ಬರು ನಕ್ಕರು. ಉಳಿದವರು ನಗಲಿಲ್ಲ. ಕಾರ್ಯದರ್ಶಿ ಪೆನ್ನು ಹುಡುಕುವ ನೆವದಲ್ಲಿ ಡೇರೆಯ ಕಡೆ ಹೋದರು.

ಅಣ್ಣ ಈಗ ಬಾಟಲಿ ಕೊಟ್ಟ. ಅವಳು ಕುಡಿದಳು. ಕಂಕುಳ ಕೆಳಗೆ ಬನಿಯನ್ನು ಕೆಂಪಾಗಿದ್ದ ಕಡೆ ಅವನು ನೋಡಿದ, ದೃಷ್ಟಿ ತೆಗೆದ.

"ಆ ಹೊತ್ತಿಗೆ ನಾನೇ ಅಲ್ಲಿ ನಿಂತಿದ್ರೂ ಹೇಳ್ತಿದ್ದೆ, ತಿರುಗೇ ತಾಯಿ ಅಂತ," ಎಂದ. "ಎಲ್ಲರೂ ತಿರುಗಿದ ಕಡೆ ತಿರುಗಿದ್ರೆ ಆಗ್ತಿರಲಿಲ್ವಾ? ಮತ್ತೆ ಅದೇನಾ?"

"ಮತ್ತೆ ಅದೇ."

"ಅಪ್ಪನ ಹೆಸರು ಬೆನ್ನ ಮೇಲೆ ಹಾಕ್ಕೊಂಡು."

"ಅಪ್ಪನ ಹೆಸರು ಹಾಕ್ಕೊಂಡೇ. ಕೇಳು, ಇದನ್ನ ಒಂದೇ ಸಲ ಹೇಳ್ತೀನಿ. ಆ ದಿನ ಮತ್ತೆ ಬಂದ್ರೂ ಕೋನು ಅಳೀತೀನಿ. ಅಪ್ಪ ಹೋಗ್ತಾನೆ ಅಂತ ಗೊತ್ತಿದ್ರೆ ಅಳ್ತಾ ಅಳೀತೀನಿ, ಆದ್ರೆ ಅಳೀತೀನಿ. ಸುಳ್ಳು ನಂಬರ್ ಕೊಟ್ಟು ಅವನನ್ನ ಕುಯ್ಯೋಕೆ ಕಳಿಸಲ್ಲ. ನೀನು ಆ ವಿಷಯ ಎತ್ತಬೇಕಾ, ಎತ್ತು. ದಿನಾ ಎತ್ತು. ದಿನಾ ಇದನ್ನೇ ಹೇಳ್ತೀನಿ. ನಿನ್ನ ಬಾಯಿ ಮುಚ್ಚಿಸೋಕೆ ಅಂತ ಓಡೋಕೆ ಹೊರಟಿದ್ದೆ. ಅದೇ ನಾನು ಮಾಡಿದ ತಪ್ಪು. ಇನ್ನೊಂದು ಕಂಬದ್ದು."

ಅಣ್ಣ ಬನಿಯನ್ನಿನ ಕಡೆ ನೋಡಿದ, ಆಮೇಲೆ ಅವಳ ಕಡೆ. ಅಂಗಡಿಯಲ್ಲಿ ಗಿರಾಕಿ ಬಟ್ಟೆ ಸರಿಯಿಲ್ಲ ಎಂದಾಗ ಅವನು ಹೀಗೇ, ಮೊದಲು ಬಟ್ಟೆ ನೋಡುತ್ತಾನೆ, ಆಮೇಲೆ ಗಿರಾಕಿಯ ಮುಖ.

"ಕಡಿಮೆ ಇದೆ ಅಂತ ನಿನಗೆ ಹೇಗೆ ಗೊತ್ತು? ಕಣ್ಣಲ್ಲಿ ನೋಡಿ ಹೇಳ್ತಿದ್ದೀಯ. ಸೊನ್ನೆ, ಒಂದು ಅಂತ ಅಷ್ಟು ಸುಸ್ತಲ್ಲಿ ನೀನೇ ತಪ್ಪು ಎಣಿಸಿದ್ರೆ? ಕೋನು ಸರಿಯಾಗೇ ಇದ್ದು ನೀನು ಹನ್ನೊಂದು ಸೆಕೆಂಡ್ ಸುಮ್ಮನೆ ಕಳ್ಕೊಂಡಿದ್ರೆ?"

"ನಡಿ, ಅಳೆಯೋಣ. ಟೇಪು ನನ್ನ ಚೀಲದಲ್ಲಿದೆ."

"ನಡಿ ಅಂತೆ. ನಡೆಯೋಕಾಗುತ್ತಾ ನಿನಗೆ?"

ಆಗುತ್ತಿರಲಿಲ್ಲ. ಸ್ಕೂಟರಿನ ಹಿಂದೆ ಕೂರಲು ಕಾಲೆತ್ತಬೇಕಾದಾಗ ಅವಳು ಎರಡೂ ಕೈಯಿಂದ ತೊಡೆ ಎತ್ತಿ ಆಚೆ ಹಾಕಿದಳು. ಅವನು ನಗಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ದಾರಿಯುದ್ದಕ್ಕೂ ಹಳ್ಳ ಬಂದಲ್ಲೆಲ್ಲ ನಿಧಾನ ಮಾಡಿ ಸೇತುವೆಯ ಆಚೆಗೆ ಕರೆದುಕೊಂಡು ಹೋದ. ಟೀಚರ್ ಕುರ್ಚಿ ಮಡಚಿಕೊಂಡು ಹೋಗಿಯಾಗಿತ್ತು, ಕೋನು ಮಾತ್ರ ಇನ್ನೂ ಅಲ್ಲೇ ಇತ್ತು. ಕೋನು ನಿಂತಲ್ಲಿ ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಉಕ್ಕಿನ ಟೇಪಿನ ತುದಿಯನ್ನು ಅಣ್ಣನ ಕೈಗೆ ಕೊಟ್ಟು, ಸೊನ್ನೆಯ ಗುರುತು ಗೆರೆಯ ಮೇಲೆ ಕೂರಬೇಕು ಎಂದು ತೋರಿಸಿ, ಸುರುಳಿ ಬಿಚ್ಚುತ್ತ ಮಿಲ್ಲಿನ ಗೇಟಿನ ಕಡೆ ಕುಂಟುತ್ತ ಹೋದಳು. ಮಿಲ್ಲಿನ ಆಳುಗಳು ಮತ್ತೆ ಕೆಲಸ ನಿಲ್ಲಿಸಿದರು. ಗೇಟಿನ ಎಡಗಂಬದ ನೇರಕ್ಕೆ ಬಂದು ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತಳು. ಟೇಪು ನಡುವೆ ಬಿಲ್ಲಿನಂತೆ ಬಾಗಿ ಒಂದು ಪಕ್ಕಕ್ಕೆ ವಾಲಿತ್ತು.

"ಸಡಿಲ ಬಿಟ್ಟಿದ್ದೀಯ," ಎಂದು ಕೂಗಿದಳು. "ಎಳಿ."

"ಇಷ್ಟು ಸಾಕು. ಅಪ್ಪ ಹೀಗೇ ಹಿಡೀತಿದ್ದ."

"ಅಪ್ಪ ತಪ್ಪು ಹಿಡೀತಿದ್ದ. ಎಳಿ."

ನಲವತ್ತು ಮೀಟರ್ ಆಚೆ ಅಣ್ಣ ತಲೆ ಎತ್ತಿ ಅವಳನ್ನು ನೋಡಿದ. ಆಮೇಲೆ ಒಂದು ಮೊಣಕಾಲು ಡಾಂಬರಿಗೆ ಊರಿ, ತುದಿಯನ್ನು ಎರಡೂ ಕೈಯಲ್ಲಿ ಗೆರೆಗೆ ಒತ್ತಿ ಹಿಡಿದು, ಎಳೆದ.